ನಲವತ್ತೊಂದನೆಯ ಜಾಡಿ

“ಕಾಲು ಮುಂದೆ ಬರಲಿ. ತಲೆ ಕೆಳಗಾಗಬಾರದು,” ಎಂದು ಪ್ಲಂಬರ್ ಮೆಟ್ಟಿಲ ತಿರುವಿನಲ್ಲಿ ನಿಂತು ಕೂಗಿದ. ಅಷ್ಟರಲ್ಲಿ ವ್ಯಾನಿನ ಡ್ರೈವರ್ ಮತ್ತು ಪಕ್ಕದ ಮನೆಯಾತ ಸ್ಟ್ರೆಚರ್ ಹಿಡಿದು ಮೂರು ಮೆಟ್ಟಿಲು ಇಳಿದಾಗಿತ್ತು, ಅದೂ ತಲೆ ಮುಂದಾಗಿ. ಮತ್ತೆ ಮೂರು ಮೆಟ್ಟಿಲು ಹತ್ತಿ, ಮನೆಯೊಳಗೆ ಹೋಗಿ, ಹೊಲಿಗೆ ಯಂತ್ರವನ್ನು ಗೋಡೆಗೆ ಒತ್ತರಿಸಿ, ಸ್ಟ್ರೆಚರನ್ನು ತಿರುಗಿಸಿಕೊಂಡು ಬರಬೇಕಾಯಿತು. ಸತ್ತವರಿಗೆ ಯಾವ ಕಡೆಯಾದರೇನು ಎಂದು ಡ್ರೈವರ್ ಗೊಣಗಿದ.

“ನಿಮಗೇನೂ ಇಲ್ಲಪ್ಪ. ನಮ್ಮಕ್ಕನಿಗೆ ಎಲ್ಲ ನೆಟ್ಟಗಿರಬೇಕು,” ಎಂದ ಪ್ಲಂಬರ್. ಅವನು ಸತ್ತವಳ ತಮ್ಮ. ಬೆಳಗಿನಿಂದ ಎಲ್ಲರಿಗೂ ಆಜ್ಞೆ ಕೊಡುವ ಕೆಲಸವನ್ನು ತಾನೇ ಹೊತ್ತುಕೊಂಡಿದ್ದ. ಅತ್ತು ಮುಗಿಸಲು ಅವನಿಗೆ ಗೊತ್ತಿದ್ದ ದಾರಿ ಅದೊಂದೇ.

ಸತ್ತವಳ ಗಂಡ ಬಾಗಿಲಲ್ಲಿ ನಿಂತಿದ್ದ. ನಲವತ್ತು ವರ್ಷ ಪ್ಯಾಂಟು ಶರಟು ಹೊಲಿದವನು; ಬೀದಿಯಲ್ಲಿ ಎಲ್ಲರೂ ಟೈಲರ್ ಎಂದೇ ಕರೆಯುವುದು. ಕಾಲೇಜಿನ ಕಾಗದಗಳಿದ್ದ ಫೈಲನ್ನು ಎದೆಗವಚಿಕೊಂಡಿದ್ದ. ಹೆಂಡತಿ ತನ್ನ ದೇಹವನ್ನು ತಾನು ಕೆಲಸ ಮಾಡಿದ ಮೆಡಿಕಲ್ ಕಾಲೇಜಿಗೇ ಬರೆದುಕೊಟ್ಟಿದ್ದಳು. ಹನ್ನೊಂದಕ್ಕೆ ಅಲ್ಲಿ ಒಪ್ಪಿಸಬೇಕು. ಅಷ್ಟರೊಳಗೆ ಟೈಲರ್ ಒಬ್ಬರಿಗೆ ಒಂದು ಮಾತು ಹೇಳಬೇಕಿತ್ತು. ಹೇಳುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದ. ಹುಟ್ಟಿದಾಗಿನಿಂದ ಯಾರ ಮುಂದೆಯೂ ಎದುರು ಮಾತಾಡದ ಮನುಷ್ಯ, ಅಳತೆ ತಪ್ಪು ಹೇಳಿದ ಗಿರಾಕಿಗೂ “ಆಗಲಿ ಬಿಡಿ, ಬಿಚ್ಚಿ ಹೊಲಿಯೋಣ” ಎನ್ನುವವನು, ಆ ಮಾತನ್ನು ಬೆಳಗ್ಗೆ ಐದರಿಂದ ಬಾಯೊಳಗೇ ಇಟ್ಟುಕೊಂಡು ಓಡಾಡುತ್ತಿದ್ದ.

“ಅಪ್ಪ, ಚಪ್ಪಲಿ,” ಎಂದಳು ಮಗಳು. ಅವನು ಬರಿಗಾಲಲ್ಲಿ ಎರಡು ಮೆಟ್ಟಿಲು ಇಳಿದಿದ್ದ.

*

ಮದುವೆಯಾದ ಹೊಸದರಲ್ಲಿ ಟೈಲರ್ ಹೆಂಡತಿ ಗಂಡನ ಅಂಗಡಿಯಲ್ಲೇ ಕೂತು ಗುಂಡಿ ಹಚ್ಚುತ್ತಿದ್ದಳು, ಕಾಜಾ ಹಾಕುತ್ತಿದ್ದಳು. ಹೊಲಿದು ಮುಗಿದ ಬಟ್ಟೆಯಲ್ಲಿ ಜೋತಾಡುವ ದಾರದ ತುದಿಗಳನ್ನು ಕತ್ತರಿಸಿ ಚೊಕ್ಕ ಮಾಡುವುದೂ ಅವಳ ಪಾಲಿನದೇ. ಅದರಲ್ಲಿ ಅವಳ ಕಣ್ಣು ಚುರುಕು. ಗಿರಾಕಿ ಬಟ್ಟೆ ತೊಟ್ಟು ಹೊರಟ ಮೇಲೂ ಹಿಂದಿನಿಂದ ಓಡಿಹೋಗಿ ತೋಳಿನ ದಾರ ಕತ್ತರಿಸಿ ಬಂದವಳು.

ಆಮೇಲೆ ಮೆಡಿಕಲ್ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಕೆಲಸ ಸಿಕ್ಕಿತು. ಮ್ಯೂಸಿಯಂ ಎಂಬ ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಗಾಜಿನ ಜಾಡಿಗಳು, ಜಾಡಿಯೊಳಗೆ ಔಷಧದ ನೀರಲ್ಲಿ ಹೃದಯ, ಶ್ವಾಸಕೋಶ, ಮಿದುಳು. ಅವನ್ನು ತೊಳೆದು, ಗಾಜಿನ ಹಲಗೆಗೆ ಕಟ್ಟಿ, ನೀರು ತುಂಬಿ, ಮುಚ್ಚಳ ಅಂಟಿಸಿ, ಚೀಟಿ ಬರೆದು ಇಡುವುದು ಕೆಲಸ. ವರ್ಷ ಕಳೆಯುವುದರೊಳಗೆ ಅವಳು ಜಾಡಿಯಕ್ಕ ಆದಳು. ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಮೊದಲ ವಾರ ಊಟ ಸೇರಲಿಲ್ಲ. ಎರಡನೆಯ ವಾರದಿಂದ ಊಟದ ಹೊತ್ತಿಗೇ ಪಾಠ ಶುರು. “ಮುಷ್ಟಿ ಮಡಚಿ,” ಎನ್ನುತ್ತಿದ್ದಳು ಗಂಡನಿಗೆ. ಅವನು ಎಡಗೈ ಮಡಚಿದರೆ, “ಅಷ್ಟೇ ದೊಡ್ಡದು ಒಂದು ಕಿಡ್ನಿ. ಬೆನ್ನ ಕಡೆ, ಕೊನೇ ಪಕ್ಕೆಲುಬಿನ ಹತ್ರ ಎರಡು. ಬಲಗಡೇದು ಒಂಚೂರು ಕೆಳಗೆ. ಯಾಕೆ ಹೇಳಿ? ಮೇಲೆ ಲಿವರ್ ಕೂತಿದೆಯಲ್ಲ, ಜಾಗ ಬಿಡಬೇಕು.” ಟೈಲರ್ ಹೌದು ಹೌದು ಎನ್ನುತ್ತ ತುತ್ತು ನುಂಗುತ್ತಿದ್ದ. ಮೇಲಿನ ತೆಳು ಪೊರೆ ಕೋಟಿನ ಲೈನಿಂಗಿನ ಹಾಗೆ ಬಿಚ್ಚಿ ಬರುತ್ತದೆ ಎಂದಾಗ ಮಾತ್ರ ಅವನಿಗೆ ನಿಜವಾಗಿ ಆಸಕ್ತಿ ಹುಟ್ಟಿತು.

ಒಂದು ಭಾನುವಾರ ಪ್ಲಂಬರ್ ಬಂದಿದ್ದಾಗ ಜಗಳವೇ ಆಯಿತು. ಕಿಡ್ನಿ ದಿನಕ್ಕೆ ನೂರೆಂಬತ್ತು ಲೀಟರ್ ಸೋಸುತ್ತೆ, ಅದರಲ್ಲಿ ಹೊರಗೆ ಹೋಗೋದು ಒಂದೂವರೆ ಲೀಟರ್ ಅಷ್ಟೇ, ಮಿಕ್ಕಿದ್ದೆಲ್ಲ ರಕ್ತಕ್ಕೆ ವಾಪಸ್ ಎಂದು ಅವಳು ಹೇಳಿದ್ದಳು.

“ಅಂಥಾ ಪೈಪ್‌ಲೈನ್ ಯಾರಕ್ಕಾ ಹಾಕ್ತಾರೆ?” ಎಂದ ಪ್ಲಂಬರ್. “ಎಲ್ಲಾ ಹೊರಗೆ ಬಿಟ್ಟು, ಆಮೇಲೆ ಎಲ್ಲಾ ಒಳಗೆ ಎಳ್ಕೊಳ್ಳೋದಾ? ನಾನು ಹಾಗೆ ಮಾಡಿದ್ರೆ ಗಿರಾಕಿ ಒದ್ದು ಕಳಿಸ್ತಾನೆ.”

“ಎಸೆಯೋದು ಯಾವ ಮಹಾ ಕೆಲಸವೋ? ನಮ್ಮದು ಯಾವುದು ಅಂತ ಗುರುತು ಹಿಡಿದು ವಾಪಸ್ ತಗೊಳ್ತದಲ್ಲ, ಅದು ಕೆಲಸ. ಒಂದೊಂದು ಕಿಡ್ನೀಲೂ ಹತ್ತು ಲಕ್ಷ ಜರಡಿ ಕೂತು ಅದನ್ನೇ ಮಾಡ್ತಾವೆ,” ಎಂದು ಅವಳು ತಮ್ಮನ ಬಾಯಿ ಮುಚ್ಚಿಸಿದಳು.

ಕೆಲಸಕ್ಕೆ ಸೇರಿದ ತಿಂಗಳಲ್ಲೇ ಒಂದು ಸಂಜೆ ಅವಳು, “ರೀ, ಮೇಲೆ ಕಾಣದ ಹಾಗೆ ಹೊಲಿಗೆ ಹಾಕೋದು ಹೇಗೆ?” ಎಂದು ಕೇಳಿದ್ದಳು. ಟೈಲರ್ ಸ್ಪಂಜಿನ ತುಂಡೊಂದನ್ನು ರಟ್ಟಿಗೆ ಹೊಲಿದು ತೋರಿಸಿದ. ಒಳಗಿನಿಂದ ಬಂದು ಒಳಗೇ ಹೋಗುವ ನಾಲ್ಕು ಹೊಲಿಗೆ, ಹಿಂದೆ ಒಂದೇ ಗಂಟು. ಮಾರನೆಯ ದಿನ ಅದೇ ಹೊಲಿಗೆಯಲ್ಲಿ ಅವಳು ತನ್ನ ಮೊಟ್ಟಮೊದಲ ಜಾಡಿ ಕಟ್ಟಿದಳು. ಅದು ಮೂತ್ರಪಿಂಡ. ಅಲ್ಲಿ ಮೊದಲೇ ನಲವತ್ತು ಜಾಡಿಗಳಿದ್ದುದರಿಂದ ಅದರ ಸಂಖ್ಯೆ ನಲವತ್ತೊಂದು.

*

ವ್ಯಾನಿನಲ್ಲಿ ಸ್ಟ್ರೆಚರಿನ ಒಂದು ಪಕ್ಕ ಟೈಲರ್ ಮತ್ತು ಮಗಳು, ಇನ್ನೊಂದು ಪಕ್ಕ ಪ್ಲಂಬರ್. ರಸ್ತೆ ಅಗೆದಿದ್ದರು. ಪ್ಲಂಬರ್ ಕಿಟಕಿಯಿಂದ ಇಣುಕಿ, ಕೊಳವೆ ಹಾಕಿದ ರೀತಿ ಸರಿಯಿಲ್ಲ ಎಂದ.

“ದೊಡ್ಡ ಸರ್ ಬರ್ತಾರಂತಾ?” ಎಂದು ಟೈಲರ್ ಕೇಳಿದ. ದೊಡ್ಡ ಸರ್ ಎಂದರೆ ಆ ವಿಭಾಗದ ಹಳೆಯ ಮುಖ್ಯಸ್ಥರು. ಎಂಬತ್ತನಾಲ್ಕು ದಾಟಿದ್ದರೂ ವಾರಕ್ಕೊಮ್ಮೆ ಕಾಲೇಜಿಗೆ ಬಂದು ಜಾಡಿಗಳನ್ನು ನೋಡಿ ಹೋಗುವವರು.

“ಬರ್ತಾರಪ್ಪ. ಅವರೇ ಮಾತಾಡ್ತಾರಂತೆ. ಮ್ಯೂಸಿಯಂ ಬಾಗಿಲಿಗೆ ಅಮ್ಮನ ಹೆಸರಿನ ಫಲಕ ಹಾಕಿಸೋಕೂ ಅವರೇ ಹೇಳಿದ್ದಂತೆ,” ಎಂದಳು ಮಗಳು. ಅವಳಿಗೆ ಮೂವತ್ಮೂರು. ಕನ್ನಡಕದ ಅಂಗಡಿಯಲ್ಲಿ ಕೆಲಸ. ತಾಯಿ ಎಂಟು ದಿನದ ಹಿಂದೆ ತಂದೆಗೆ ಹೇಳಿದ ಮಾತು ಅವಳಿಗೂ ಗೊತ್ತಿತ್ತು. ಟೈಲರ್‌ಗೆ ಒಬ್ಬನೇ ಹೊರಲಾಗದೆ ನಿನ್ನೆ ಹೇಳಿದ್ದ.

“ಇವತ್ತು ಹೇಳಿಬಿಡ್ತೀನಿ,” ಎಂದ ಅವನು.

“ಬೇಡಪ್ಪ, ಇವತ್ತು ಬೇಡ.”

“ಮಾತು ಕೊಟ್ಟಿದೀನಿ.”

“ಯಾರಿಗೆ ಏನು ಉಪಯೋಗ ಹೇಳಿ? ಮೂವತ್ಮೂರು ವರ್ಷ ಆಯ್ತು. ಆ ಹುಡುಗಿ ಎಲ್ಲಿದಾಳೋ. ಅಮ್ಮ ಅಷ್ಟು ವರ್ಷ ದುಡಿದಿದ್ದಕ್ಕೆ ಒಂದು ಫಲಕ ಹಾಕ್ತಿದಾರೆ, ಅದೂ ಬೇಡ ಅಂತೀರಾ?” ಮಗಳ ದನಿ ಗಟ್ಟಿಯಾಯಿತು, ಕೊನೆಯಲ್ಲಿ ಒಡೆಯಿತು. ಮುಖ ಆಚೆ ತಿರುಗಿಸಿದಳು.

“ಏನು ಹೇಳೋದು? ಯಾವ ಹುಡುಗಿ?” ಎಂದ ಪ್ಲಂಬರ್.

ವ್ಯಾನು ಹಳ್ಳಕ್ಕಿಳಿದು ಏರಿತು. ಮೂವರೂ ಒಟ್ಟಿಗೆ ಕೈ ಚಾಚಿ ಸ್ಟ್ರೆಚರನ್ನು ಹಿಡಿದರು.

*

ಎಂಟು ದಿನದ ಹಿಂದೆ, ಮಧ್ಯಾಹ್ನ, ಟೈಲರ್ ಒಂದು ಪರದೆಯ ಅಂಚು ಮಡಚಿ ಹೊಲಿಯುತ್ತಿದ್ದ. ಮಂಚದಿಂದ ಹೆಂಡತಿ, “ರೀ, ಮಿಶಿನ್ ನಿಲ್ಲಿಸಿ,” ಎಂದಳು.

ಹೃದಯ ಸೋತಿತ್ತು. ಆಸ್ಪತ್ರೆಯಲ್ಲಿ, ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಮಿಕ್ಕಿದ್ದೆಲ್ಲ ಹೇಗಿದೆ ಡಾಕ್ಟ್ರೇ ಎಂದು ಅವಳು ಕೇಳಿದ್ದಕ್ಕೆ ಡಾಕ್ಟರು, ಕಿಡ್ನಿ ಮಾತ್ರ ಇಪ್ಪತ್ತರ ಹುಡುಗಿಯದ್ದರ ಹಾಗಿದೆ ಎಂದು ಸಮಾಧಾನ ಹೇಳಿದ್ದರು. ಅವತ್ತಿನಿಂದ ಅವಳು ಮೌನವಾಗಿದ್ದಳು.

“ನಲವತ್ತೊಂದು ನಾನು ತಪ್ಪು ಕಟ್ಟಿದ್ದು,” ಎಂದಳು.

ಸಮಯ ಹಿಡಿಯಿತು. ಒಂದು ಮಾತಾಡಿ, ಉಸಿರೆಳೆದುಕೊಂಡು, ಇನ್ನೊಂದು. ಒಂದೇ ದೇಹದಿಂದ ತೆಗೆದ ಎರಡು ಮೂತ್ರಪಿಂಡಗಳನ್ನು ದೊಡ್ಡ ಸರ್ ತಟ್ಟೆಯಲ್ಲಿಟ್ಟು ಕೊಟ್ಟಿದ್ದರು. ಒಂದನ್ನು ಸೀಳಿ ಒಳಭಾಗ ತೋರಿಸಲು ತಾವು ಒಯ್ದರು. ಇನ್ನೊಂದನ್ನು ನೀನು ಕಟ್ಟು ಎಂದರು. ಅವಳು ಕೊಬ್ಬು ಬಿಡಿಸಿ, ತೊಳೆದು, ಒರೆಸಿ ನೋಡಿದಳು. ಚೆಂದವಾಗಿತ್ತು. ಒಂದು ಕೊಳವೆ ಮಾತ್ರ ಗೇಣುದ್ದ ಜೋತಾಡುತ್ತಿತ್ತು. ಕೈ ತಾನಾಗಿ ಕತ್ತರಿಗೆ ಹೋಯಿತು. ಬುಡದಲ್ಲಿ ಒಂದು ಬೆರಳಗಲ ಬಿಟ್ಟು ಕಚಕ್ಕನೆ ಕತ್ತರಿಸಿದಳು.

“ನಮ್ಮ ಅಂಗಡೀಲಿ ದಾರ ಕತ್ತರಿಸ್ತಿದ್ದೆನಲ್ಲ, ಹಾಗೆ,” ಎಂದಳು.

ಆ ಕೊಳವೆಯೇ ಮೂತ್ರನಾಳ. ಕೆಳಕ್ಕಿಳಿಯುವುದು ಅದೊಂದೇ. ಮೂತ್ರಪಿಂಡದ ಯಾವ ತುದಿ ಮೇಲೆ, ಯಾವುದು ಕೆಳಗೆ ಎಂದು ಥಟ್ಟನೆ ಹೇಳುವುದು ಅದೇ. ಅದು ಹೋದ ಮೇಲೆ ಹುರುಳಿಕಾಳಿನ ಆಕಾರದ ಆ ಮಾಂಸದ ಮುದ್ದೆಗೆ ತಲೆಯೂ ಇಲ್ಲ, ಕಾಲೂ ಇಲ್ಲ. ಎಡಗಡೆಯದನ್ನು ತಲೆಕೆಳಗು ಮಾಡಿ ಹಿಡಿದರೆ ಥೇಟ್ ಬಲಗಡೆಯದರ ಹಾಗೇ ಕಾಣುತ್ತದೆ. ಅವಳು ಹಾಗೇ ಹಿಡಿದಳು. ಹಾಗೇ ಹೊಲಿದಳು. ಕೊಳವೆಯ ಮೋಟು ಹಿಂದೆ, ಹಲಗೆಯ ಕಡೆ ಅಡಗಿತು. ‘ಬಲ ಮೂತ್ರಪಿಂಡ’ ಎಂದು ದುಂಡಗೆ ಚೀಟಿ ಬರೆದಳು. ದೊಡ್ಡ ಸರ್ ನೋಡಿ, ಎಷ್ಟು ಚೊಕ್ಕ ಕಟ್ಟಿದ್ದೀಯಮ್ಮ ಎಂದರು. ಮ್ಯೂಸಿಯಮ್ಮಿನ ಪಟ್ಟಿಯಲ್ಲಿ ಹಾಗೆಯೇ ಅಚ್ಚಾಯಿತು. ಎರಡು ತಿಂಗಳಾದ ಮೇಲೆ ತರಗತಿಯ ಹಿಂದೆ ನಿಂತು ಪಾಠ ಕೇಳುವಾಗ ಅವಳಿಗೆ ಅರ್ಥವಾಯಿತು. ಅಷ್ಟರಲ್ಲಿ ಮುಚ್ಚಳ ಅಂಟಿತ್ತು.

“ಹೋಗಲಿ ಬಿಡು. ಹೊಸಬಳು, ತಪ್ಪಾಯ್ತು,” ಎಂದ ಟೈಲರ್.

“ಅದಲ್ಲ ರೀ. ಕೇಳಿ.”

ನಲವತ್ತೊಂದು ದೊಡ್ಡ ಸರ್‌ಗೆ ಮೆಚ್ಚಿನ ಜಾಡಿಯಾಯಿತು. ನಾಳ ಕಾಣದ್ದರಿಂದ ಕಷ್ಟದ ಪ್ರಶ್ನೆ ಎಂದು ಪರೀಕ್ಷೆಯಲ್ಲಿ ಅದನ್ನೇ ಇಡುವರು. ಎಡವೋ ಬಲವೋ? ಹುಡುಗರೇನು ಕಡಿಮೆಯೇ; ಮೇಲಿನ ತರಗತಿಯವರು ಕೆಳಗಿನವರಿಗೆ, ನಲವತ್ತೊಂದು ಬಲದ್ದು ಎಂದು ಕಿವಿಯಲ್ಲಿ ಊದಿ ಹೋಗಿದ್ದರು. ಒಂದು ವರ್ಷದ ಪರೀಕ್ಷೆಯಲ್ಲಿ ಒಬ್ಬೊಬ್ಬರೇ ಬಂದು, ಜಾಡಿಯ ಸಂಖ್ಯೆ ನೋಡಿ, ಬಲ ಸರ್ ಎಂದು ಹೋದರು. ಒಬ್ಬಳು ಹುಡುಗಿ ಮಾತ್ರ ಮೇಜಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕೆಳಗಿನಿಂದ, ಪಕ್ಕದಿಂದ ಇಣುಕಿದಳು.

“ಎಡ ಸರ್,” ಎಂದಳು.

“ಇನ್ನೊಂದು ಸಲ ನೋಡು.”

“ಎಡಾನೇ ಸರ್. ತಲೆಕೆಳಗಾಗಿ ಕಟ್ಟಿದಾರೆ. ಹಿಂದೆ ನಾಳದ ಮೋಟು ಕಾಣ್ತಿದೆ, ಮೇಲಕ್ಕೆ ನೋಡ್ತಿದೆ. ಮೂತ್ರ ಮೇಲಕ್ಕೆ ಹೋಗಲ್ಲವಲ್ಲ ಸರ್.”

ಹೊರಗಿನಿಂದ ಬಂದಿದ್ದ ಪರೀಕ್ಷಕರು ನಕ್ಕರು. ಆ ನಗು ದೊಡ್ಡ ಸರ್‌ಗೆ ಚುಚ್ಚಿತು. ಅವರು ತಿರುಗಿ, ಗೋಡೆಗೆ ಆನಿಕೊಂಡು ನಿಂತಿದ್ದ ಜಾಡಿಯಕ್ಕನನ್ನು ಕೇಳಿದರು: “ಏನಮ್ಮ, ನೀನೇ ತಾನೇ ಕಟ್ಟಿದ್ದು? ತಲೆಕೆಳಗಾಗಿ ಕಟ್ಟಿದ್ದೀಯಾ?”

ಅವಳು ಆಗ ಏಳು ತಿಂಗಳ ಬಸುರಿ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

“ಇಲ್ಲ ಸರ್ ಅಂದೆ,” ಎಂದಳು ಅವಳು ಗಂಡನಿಗೆ. “ಆ ಹುಡುಗಿ ಕೂತಲ್ಲಿಂದಲೇ ನನ್ನ ನೋಡಿದಳು. ಬೈಯೋ ಹಾಗಲ್ಲ. ನಾನು ಹೇಳಿದ್ದೇ ನಿಜ ಇರಬಹುದೇನೋ ಅಂತ ಯೋಚನೆ ಮಾಡೋ ಹಾಗೆ ನೋಡಿದಳು.”

ಹುಡುಗಿ ನಪಾಸಾದಳು. ಜಾಡಿಯಕ್ಕ ಹೆರಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಕಾಲೇಜಿನಲ್ಲಿರಲಿಲ್ಲ. ಕೇಳಿದ್ದಕ್ಕೆ ಯಾರೋ ಊರಿಗೆ ಹೋದಳಂತೆ ಎಂದರು. ಮತ್ತೆ ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಮುಂದಿನ ವರ್ಷ ಹೇಳೋಣ ಎಂದುಕೊಂಡಳು. ಅದರ ಮುಂದಿನ ವರ್ಷ. ದೊಡ್ಡ ಸರ್ ಕೆಲಸ ಕಾಯಂ ಮಾಡಿಸಿದರು. ಪ್ರತಿ ವರ್ಷ ಪರೀಕ್ಷೆಯ ದಿನ ಅವಳೇ ನಲವತ್ತೊಂದನ್ನು ಒರೆಸಿ ಮೇಜಿನ ಮೇಲಿಟ್ಟಳು. ಪ್ರತಿ ವರ್ಷ ಎಲ್ಲರೂ ಬಲ ಎಂದರು.

“ನಾನೂ ಅಲ್ಲೇ ಹೋಗಿ ಮಲಗೋದು,” ಎಂದಳು. “ಮಕ್ಕಳು ನನ್ನ ಬಿಚ್ಚಿ ನೋಡಿ ಕಲೀತಾರೆ. ಸುಳ್ಳು ಇಟ್ಕೊಂಡು ಅಲ್ಲಿ ಮಲಗೋಕೆ ನನ್ನಿಂದಾಗಲ್ಲ ರೀ. ನನ್ನ ಒಳಗೆ ತಗೊಳ್ಳೋದಕ್ಕೆ ಮುಂಚೆ ದೊಡ್ಡ ಸರ್‌ಗೆ ಹೇಳಿಬಿಡಿ.”

“ನೀನೇ ಹೇಳು. ಫೋನ್ ಮಾಡಿ ಕೊಡ್ತೀನಿ.”

“ಧೈರ್ಯ ಇದ್ದಿದ್ರೆ ನಿಮ್ಮನ್ನ ಯಾಕೆ ಕೇಳ್ತಿದ್ದೆ?” ಎಂದು ಅವಳು ನಕ್ಕಳು. ಗಂಡ ತನಗಿಂತ ಪುಕ್ಕಲ ಎನ್ನುವುದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಅವನು ಹ್ಞೂಂ ಎಂದರೆ ಹ್ಞೂಂ.

ಅವನು ಹ್ಞೂಂ ಎಂದ.

*

ಅಂಗರಚನಾ ವಿಭಾಗದ ಮೊಗಸಾಲೆಯಲ್ಲಿ ಬಿಳಿ ಕೋಟಿನ ಹುಡುಗ ಹುಡುಗಿಯರು ಎರಡು ಸಾಲಾಗಿ ನಿಂತಿದ್ದರು. ಅಷ್ಟೊಂದು ಕೋಟುಗಳಲ್ಲಿ ಭುಜ ಸರಿಯಾಗಿ ಕೂತದ್ದು ಎರಡೋ ಮೂರೋ ಎಂದು ಟೈಲರ್ ತನಗರಿವಿಲ್ಲದೆ ಲೆಕ್ಕ ಹಾಕಿದ. ಸ್ಟ್ರೆಚರಿನಿಂದ ಗಾಲಿಯ ಮೇಜಿಗೆ ಅವಳನ್ನು ಬದಲಾಯಿಸಿದರು. ಗಾಲಿ ಮೇಜಿನ ಹಿಂದೆ ಎರಡು ರೆಕ್ಕೆಯ ಉಕ್ಕಿನ ಬಾಗಿಲು. ಅದರಾಚೆ ಅವಳು ಮೂವತ್ತೈದು ವರ್ಷ ದಿನಾ ಹೋಗಿ ಬಂದ ತಣ್ಣನೆಯ ಕೋಣೆ.

ದೊಡ್ಡ ಸರ್ ಕೋಲೂರಿ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ದನಿ ಮಾತ್ರ ಇನ್ನೂ ಹಿಂದಿನ ಬೆಂಚಿಗೆ ಕೇಳುವಂಥದು. ಮುನ್ನೂರು ಜಾಡಿ ಕಟ್ಟಿದ ಕೈ ಇದು ಎಂದರು. ಪಾಠ ಮಾಡಿದ್ದು ತಾವಲ್ಲ, ಈಕೆಯ ಜಾಡಿಗಳು ಎಂದರು. ಕೊನೆಗೆ, “ಮೂವತ್ತೈದು ವರ್ಷದಲ್ಲಿ ಒಂದು ಜಾಡಿಯಲ್ಲೂ ಒಂದು ತಪ್ಪಿಲ್ಲ,” ಎಂದರು. ಸಾಲಿನಲ್ಲಿದ್ದ ಒಬ್ಬಳು ಹುಡುಗಿ ಕಣ್ಣೊರೆಸಿಕೊಂಡಳು. ಮಗಳು ತಂದೆಯ ಮೊಣಕೈ ಹಿಡಿದುಕೊಂಡಳು. ಬಿಗಿಯಾಗಿಯೇ ಹಿಡಿದಳು.

ಈಗ ಜಾಡಿಗಳನ್ನು ನೋಡಿಕೊಳ್ಳುವ ಹೆಂಗಸು ರಿಜಿಸ್ಟರ್ ತಂದು ಟೈಲರ್ ಮುಂದೆ ಬಿಡಿಸಿದಳು. “ಇಲ್ಲೊಂದು ಸಹಿ ಹಾಕಿ ಅಣ್ಣ. ಒಳಗೆ ಕರ್ಕೊಂಡು ಹೋಗ್ತೀವಿ.”

ಟೈಲರ್ ಪೆನ್ನು ತೆಗೆದುಕೊಂಡ. ಪೆನ್ನಿನ ತುದಿ ಕಾಗದಕ್ಕೆ ತಾಗಿ ಒಂದು ಚುಕ್ಕೆ ಬಿತ್ತು. ಅಲ್ಲೇ ನಿಂತಿತು.

“ಸಹಿ ಹಾಕೋದಕ್ಕೆ ಮುಂಚೆ ಒಂದು ಮಾತು ಸರ್,” ಎಂದ. ತನ್ನ ದನಿ ಅಷ್ಟು ದೂರ ಕೇಳುತ್ತದೆಂದು ಅವನಿಗೇ ಗೊತ್ತಿರಲಿಲ್ಲ. “ನಲವತ್ತೊಂದು ತಪ್ಪು. ಅದು ಎಡದ್ದು. ಇವಳು ತಲೆಕೆಳಗಾಗಿ ಕಟ್ಟಿದಳು. ನೀವು ಕೇಳಿದಾಗ ಸುಳ್ಳು ಹೇಳಿದಳು. ನಿಮಗೆ ಹೇಳು ಅಂದಿದ್ದಳು, ಹೇಳಿದೀನಿ.”

ಮಗಳ ಕೈ ಮೊಣಕೈಯಿಂದ ಜಾರಿತು. ದೊಡ್ಡ ಸರ್ ಅವನನ್ನು ಕನಿಕರದಿಂದ ನೋಡಿದರು.

“ಕೊನೆ ದಿನಗಳಲ್ಲಿ ಏನೇನೋ ಅನ್ನಿಸುತ್ತೆ ಟೈಲರ್. ಮನಸ್ಸಿಗೆ ಹಚ್ಚಿಕೋಬೇಡಿ. ಆ ಜಾಡಿ ನನಗೆ ಗೊತ್ತಿಲ್ವಾ?”

“ಒಬ್ಬಳು ಹುಡುಗಿ ಎಡ ಅಂದಿದ್ದಳಂತೆ ಸರ್. ನಪಾಸಾಗಿ ಓದು ಬಿಟ್ಟು ಹೋದಳಂತೆ. ಅದನ್ನೇ ಇವಳು ಹಚ್ಚಿಕೊಂಡಿದ್ದು.”

“ಬಿಟ್ಟು ಹೋದಳಾ? ಯಾರು ಹೇಳಿದ್ದು?” ದೊಡ್ಡ ಸರ್ ಮುಖ ಅರಳಿತು. “ಆರು ತಿಂಗಳಿಗೆ, ಈಕೆ ಹೆರಿಗೆ ರಜೆಯಲ್ಲಿದ್ದಾಗ, ಮರುಪರೀಕ್ಷೆಗೆ ಬಂದಳಲ್ಲ. ಪಾಸಾಗಿ, ಅವರ ಊರಿನ ಹತ್ತಿರದ ಕಾಲೇಜಿಗೆ ವರ್ಗ ಮಾಡಿಸಿಕೊಂಡು ಹೋದಳು. ಈಗ ದೊಡ್ಡ ಕಿಡ್ನಿ ಡಾಕ್ಟರು. ನನ್ನ ಹುಟ್ಟಿದ ದಿನಕ್ಕೆ ತಪ್ಪದೆ ಫೋನ್ ಮಾಡ್ತಾಳೆ.”

ಟೈಲರ್‌ಗೆ ಎದೆ ಹಗುರಾಯಿತು. ಡಾಕ್ಟರಂತೆ. ಮೂವತ್ಮೂರು ವರ್ಷ ಸುಮ್ಮನೆ ಸುಟ್ಟುಕೊಂಡಳಲ್ಲ, ಎಂಟು ದಿನ ಮೊದಲು ಗೊತ್ತಾಗಿದ್ದರೆ ಎಂದುಕೊಂಡ. ಗಾಲಿ ಮೇಜಿನ ಕಡೆ ತಿರುಗಿ ನೋಡಿದ. ಈಗ ಹೇಳಿದರೂ ಕೇಳುವವಳಲ್ಲ.

“ಅವತ್ತು ಮರುಪರೀಕ್ಷೇಲೂ ನಾನು ಬೇಕಂತಲೇ ನಲವತ್ತೊಂದನ್ನೇ ಇಟ್ಟೆ,” ಎಂದು ದೊಡ್ಡ ಸರ್ ಮುಂದುವರಿಸಿದರು. ಹಳೆಯ ಸಂಗತಿ ಹೇಳುವ ಖುಷಿಯಲ್ಲಿದ್ದರು. “ಎಡವೋ ಬಲವೋ ಅಂದೆ. ಬಲ ಸರ್ ಅಂದಳು. ಪೂರ್ತಿ ಅಂಕ ಕೊಟ್ಟೆ. ಜಾಣೆ, ದಾರಿಗೆ ಬಂದಳು.”

“ಕೂತು ನೋಡಿದಳಾ ಸರ್?” ಎಂದು ಟೈಲರ್ ಕೇಳಿದ.

“ಏನು?”

“ಮೊದಲನೇ ಸಲ ಕೂತು, ಬಗ್ಗಿ ನೋಡಿದ್ದಳಂತಲ್ಲ. ಎರಡನೇ ಸಲ?”

ದೊಡ್ಡ ಸರ್ ನೆನಪಿಸಿಕೊಂಡರು. “ಇಲ್ಲ. ಜಾಡಿ ಕಡೆ ನೋಡಲೇ ಇಲ್ಲ. ನನ್ನ ಮುಖ ನೋಡಿ ಹೇಳಿದಳು,” ಎಂದರು.

ಹಗುರಾಗಿದ್ದ ಎದೆ ಮತ್ತೆ ಭಾರವಾಯಿತು. ಟೈಲರ್ ಪೆನ್ನಿಗೆ ಟೊಪ್ಪಿ ಹಾಕಿದ. “ಜಾಡಿ ತೆಗೆಸಿ ಸರ್. ಬಿಚ್ಚಿ ನೋಡೋಣ. ಅಲ್ಲೀವರೆಗೂ ನಾನು ಸಹಿ ಹಾಕಲ್ಲ.”

“ಭಾವ,” ಎಂದ ಪ್ಲಂಬರ್, ಪಿಸುದನಿಯಲ್ಲಿ. ಭಾವ ಇಲ್ಲ ಎಂದದ್ದನ್ನು ಅವನು ಕೇಳಿದ್ದು ಇದೇ ಮೊದಲು.

*

ಮ್ಯೂಸಿಯಂ ಒಂದು ಮಹಡಿ ಮೇಲೆ. ಹೆಂಗಸು ಜಾಡಿಯನ್ನು ಎರಡು ಕೈಯಲ್ಲಿ ತಂದು ಕಿಟಕಿಯ ಹತ್ತಿರದ ಮೇಜಿನ ಮೇಲಿಟ್ಟಳು. ಮುಚ್ಚಳದ ಅಂಟನ್ನು ಬ್ಲೇಡಿನಿಂದ ಸುತ್ತ ಕೊಯ್ದಳು. ವಾಸನೆಗೆ ಎಲ್ಲರ ಕಣ್ಣಲ್ಲೂ ನೀರು ಬಂತು. ಹಲಗೆಯನ್ನು ಮೇಲೆತ್ತಿ ತಟ್ಟೆಯಲ್ಲಿ ಮಲಗಿಸಿದಳು. ಬೂದುಬಣ್ಣದ, ನುಣುಪಾದ, ಒಂದು ಮುಷ್ಟಿಯಷ್ಟು ವಸ್ತು.

“ಹಿಂಭಾಗ ನೋಡಬೇಕು. ಬಿಡಿ, ಅದನ್ನು ನಾನೇ ಬಿಚ್ಚುತ್ತೇನೆ,” ಎಂದು ದೊಡ್ಡ ಸರ್ ಕತ್ತರಿ ತೆಗೆದುಕೊಂಡರು. ಕತ್ತರಿಯ ತುದಿ ಎರಡು ಸಲ ಗಾಜಿಗೆ ಬಡಿಯಿತು.

“ಕೊಡಿ ಸರ್. ನನ್ನ ಹೊಲಿಗೆ,” ಎಂದ ಟೈಲರ್.

ಹಲಗೆಯನ್ನು ಬೆಳಕಿಗೆ ಹಿಡಿದು ಹಿಂದೆ ನೋಡಿದ. ಒಂದೇ ಗಂಟು, ಸ್ಪಂಜಿನ ಮೇಲೆ ತೋರಿಸಿದ್ದು ಹೇಗೋ ಹಾಗೇ. ದಾರ ಸ್ವಲ್ಪ ಹಳದಿಯಾಗಿತ್ತು, ಸಡಿಲವಾಗಿರಲಿಲ್ಲ. ಇಷ್ಟು ಚೆನ್ನಾಗಿ ಅಂಗಡಿಯಲ್ಲೂ ಯಾವತ್ತೂ ಹಾಕಿರಲಿಲ್ಲ ಅವಳು. ಅವನಿಗೆ ಬೆಳಗಿನಿಂದ ಬಾರದ ಅಳು ಆಗ ಬಂತು. ಅಳುತ್ತಲೇ ಗಂಟು ಕತ್ತರಿಸಿ, ನಾಲ್ಕು ಹೊಲಿಗೆಯನ್ನೂ ಬಿಚ್ಚಿದ. ಮಗಳು ಹತ್ತಿರ ಬಂದು ತಟ್ಟೆಯನ್ನು ಹಿಡಿದುಕೊಂಡಳು.

ದೊಡ್ಡ ಸರ್ ಅದನ್ನು ಬರಿಗೈಯಲ್ಲಿ ಎತ್ತಿಕೊಂಡರು. ಹಿಂಬದಿಯಲ್ಲಿ ಆಲಿಕೆಯ ಹಾಗೆ ಅಗಲವಾಗಿ ಶುರುವಾಗಿ ಕಿರಿದಾಗುತ್ತ ಬಂದ ಭಾಗದ ಮೇಲೆ ಹೆಬ್ಬೆರಳು ಓಡಿಸಿದರು. ಹೆಬ್ಬೆರಳು ಮೋಟಿನ ಮೇಲೆ ಬಂದು ನಿಂತಿತು. ಬೆರಳಗಲದ ಮೋಟು. ಅವರು ಆ ಮೂತ್ರಪಿಂಡವನ್ನು ಹಲಗೆಯ ಮೇಲಿದ್ದ ರೀತಿಯಲ್ಲೇ ಹಿಡಿದು ತಮ್ಮ ಬಲ ಸೊಂಟದ ಮೇಲ್ಭಾಗಕ್ಕೆ, ಅಂಗಿಯ ಮೇಲೆಯೇ ಇಟ್ಟು ನೋಡಿದರು. ಮೋಟು ಮೇಲಕ್ಕೆ, ಅವರ ಕಂಕುಳ ಕಡೆಗೆ ತಿರುಗಿತ್ತು. ಮೋಟು ಕೆಳಗೆ ಬರುವ ಹಾಗೆ ತಿರುಗಿಸಿದರು. ಒಳಬಾಗು ಈಗ ಹೊರಗಡೆಗೆ ಹೋಯಿತು. ಕೈಯನ್ನು ನಿಧಾನವಾಗಿ ಹೊಟ್ಟೆಯ ಮೇಲಿಂದ ದಾಟಿಸಿ ಎಡಗಡೆಗೆ ತಂದರು. ಅಲ್ಲಿ ಅದು ಕೂತಿತು.

ಪ್ಲಂಬರ್, ಪಂಪಿಲ್ಲದೆ ಮೇಲಕ್ಕೆ ಹೇಗೆ ಹೋಗುತ್ತೆ ಎಂದು ತನ್ನಷ್ಟಕ್ಕೆ ಹೇಳಿಕೊಂಡ.

“ಎಡ,” ಎಂದರು ದೊಡ್ಡ ಸರ್. ಹಿಂದಿನ ಬೆಂಚಿಗೆ ಕೇಳುವ ದನಿಯಲ್ಲ. ಪಕ್ಕದಲ್ಲಿದ್ದವರಿಗೂ ಅರ್ಧ ಕೇಳಿಸಿತು.

ಟೈಲರ್ ಕಣ್ಣೊರೆಸಿಕೊಂಡು ರಿಜಿಸ್ಟರ್ ಎಲ್ಲಿ ಎಂದು ಕೇಳಿದ. ಹೆಂಗಸು ಬಿಡಿಸಿ ಹಿಡಿದಳು. ಮೊದಲು ಬಿದ್ದಿದ್ದ ಚುಕ್ಕೆಯಿಂದಲೇ ಶುರುಮಾಡಿ ಸಹಿ ಹಾಕಿದ. ಹೆಂಗಸು ಮೆಟ್ಟಿಲ ಬಳಿ ಹೋಗಿ ಕೆಳಗೆ ಯಾರಿಗೋ ಹೇಳಿದಳು. ಗಾಲಿಗಳು ಹೊರಳಿದ ಸದ್ದು, ಉಕ್ಕಿನ ಬಾಗಿಲು ತೆರೆದು ಮುಚ್ಚಿದ ಸದ್ದು ಮೇಲಿನವರೆಗೂ ಬಂತು. ಮಗಳು ಕಿವಿ ಮುಚ್ಚಿಕೊಳ್ಳಲಿಲ್ಲ, ತಲೆ ತಗ್ಗಿಸಿದಳು.

“ನನ್ನ ಜೇಬಲ್ಲಿ ಫೋನಿದೆ,” ಎಂದರು ದೊಡ್ಡ ಸರ್ ಅವಳಿಗೆ. “ತೆಗಿ. ಕಿಡ್ನಿ ಡಾಕ್ಟರ್ ಅಂತ ಇದೆ. ಸ್ಪೀಕರ್ ಹಾಕು, ನನಗೆ ಕಿವಿ ಮಂದ.”

ಅವಳು ಫೋನ್ ಹಚ್ಚಿ ಅವರ ಬಾಯಿಯ ಮುಂದೆ ಹಿಡಿದಳು. ನಾಲ್ಕು ಸಲ ರಿಂಗಾಯಿತು.

“ನಮಸ್ಕಾರ ಸರ್, ಹೇಗಿದೀರಿ?” ತುಂಬು ದನಿಯ ಹೆಂಗಸು. ಹಿಂದೆ ಆಸ್ಪತ್ರೆಯ ಯಂತ್ರವೊಂದು ಟಿಕ್ ಟಿಕ್ ಎನ್ನುತ್ತಿತ್ತು. “ಹೇಳಿ ಸರ್. ಆರೋಗ್ಯ ತಾನೇ?”

ದೊಡ್ಡ ಸರ್ ಎಂಬತ್ತನಾಲ್ಕು ವರ್ಷದಲ್ಲಿ ತಪ್ಪಾಯಿತು ಎಂಬ ಮಾತನ್ನು ಅಭ್ಯಾಸ ಮಾಡಿದವರಲ್ಲ. ಕೇಳುವುದು ಮಾತ್ರ ಗೊತ್ತಿತ್ತು.

“ನಲವತ್ತೊಂದನೇ ಜಾಡಿ,” ಎಂದರು. “ಎಡವೋ ಬಲವೋ?”

ಆ ಕಡೆಯಿಂದ ಯಂತ್ರದ ಸದ್ದು ಮಾತ್ರ ಬರುತ್ತಿತ್ತು. ಟೈಲರ್ ಫೋನಿನ ಕಡೆ ಬಗ್ಗಿದ. ಹೇಳಮ್ಮ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

“ಬಲ, ಸರ್,” ಎಂದಳು ಅವಳು.

ದೊಡ್ಡ ಸರ್ ಅದನ್ನು ಇನ್ನೂ ಎಡಗಡೆಗೆ ಒತ್ತಿ ಹಿಡಿದೇ ಇದ್ದರು. ಬೆರಳ ಸಂದಿನಿಂದ ಜಾಡಿಯ ನೀರು ಅಂಗಿಗೆ ಇಳಿದು, ಒದ್ದೆ ನಿಧಾನವಾಗಿ ಕೆಳಗೆ ಹರಡುತ್ತಿತ್ತು.